ಗುಡೇಕೋಟೆಯ ಮುಸ್ಸಂಜೆಯ ದಾರಿ

ಕೂಡ್ಲಿಗಿಯಿಂದ ಪೂರ್ವಕ್ಕೆ ಸಾಗಿದ ಪಯಣಿಗನನ್ನು ಗುಡೇಕೋಟೆಯಲ್ಲಿ ಮೊದಲು ಎದುರುಗೊಳ್ಳುವುವು ಬಂಡೆಗಳು. ಒಂದರ ಮೇಲೊಂದು ಪೇರಿಸಿಟ್ಟಂತಹ ಹೆಬ್ಬಂಡೆಗಳ ನಡುವೆ ಪಾಳೆಯಗಾರರ ಕೋಟೆ. ಕೆಳಗೆ, ಒನಕೆ ಓಬವ್ವನ ತವರೆಂದು ಜನರು ಹೆಮ್ಮೆಪಡುವ ಊರು.

ಹಗಲಿನಲ್ಲಿ ಕಣ್ಣಿಗೆ ಹಬ್ಬವಾದ ಈ ದಾರಿ ಮುಸ್ಸಂಜೆಯಲ್ಲಿ ಲಾರಿಯ ಚಾಲಕನಿಗೆ ಪರೀಕ್ಷೆಯಾಗುತ್ತದೆ. ಗುಹೆಗಳಲ್ಲಿ ಹಗಲು ಕಳೆದ ಕರಡಿಗಳು ಆಹಾರವನ್ನರಸಿ ಇಳಿಯುವ ಹೊತ್ತು ಅದು. ಇಲ್ಲಿನ ಕಾಡು 2013ರಲ್ಲಿ ಕರಡಿಧಾಮವೆಂದು ಘೋಷಿತವಾಯಿತು. ಕರಡಿಯದು ಮಂದದೃಷ್ಟಿ, ಮೈಯೋ ಕಪ್ಪು. ಕತ್ತಲಲ್ಲಿ ಅದು ಲಾರಿಯನ್ನು ಸರಿಯಾಗಿ ಕಾಣದು; ಚಾಲಕನೂ ಅದನ್ನು ಕಾಣನು.

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ ಬಹುದೂರ ಕಳೆದಿರುತ್ತದೆ. ಹೇರು ತುಂಬಿದ ಲಾರಿ ನಿಲ್ಲಲು ಮತ್ತಷ್ಟು ನೆಲ ಬೇಕು. ಆದುದರಿಂದಲೇ ಅನುಭವಿಯಾದ ಚಾಲಕನು ಕತ್ತಲಾಗುವ ಮುನ್ನ ಗಾಡಿ ನಿಲ್ಲಿಸಿ, ಮುಂಗಾಜು, ದೀಪ, ಕನ್ನಡಿಗಳ ಧೂಳನ್ನು ಒರೆಸುತ್ತಾನೆ. ಎದುರಿನಿಂದ ವಾಹನ ಬಂದರೆ ದೀಪವನ್ನು ತಗ್ಗಿಸುತ್ತಾನೆ. ತನ್ನ ದೀಪದ ಬೆಳಕು ಮುಟ್ಟುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವನ್ನು ಆತನು ಮೀರುವುದಿಲ್ಲ.

ಓಬವ್ವ ಚಿತ್ರದುರ್ಗದಲ್ಲಿ ಕಾದದ್ದು ಒಂದು ಕಿಂಡಿಯನ್ನು. ಆಕೆಯ ತವರಿನ ದಾರಿಯಲ್ಲಿ ಲಾರಿಯವನು ಕಾಯಬೇಕಾದುದೂ ಒಂದು ಕಿಂಡಿಯನ್ನೇ. ಅದು ತನ್ನೆದುರಿನ ಗಾಜು. ಅಲ್ಲಿ ಕಾವಲು ಹಗೆಯನ್ನು ತಡೆಯಲು. ಇಲ್ಲಿ, ದಾರಿ ದಾಟುವ ಜೀವವನ್ನು ಉಳಿಸಲು.