ಕಲ್ಯಾಣಪುರದ ಮಿತ್ರನೊಡನೆ ಒಂದು ದಿನ

ಉಡುಪಿಯಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಎರಡು ಹರಿದಾರಿಯಷ್ಟು ಸಹ ಹೋಗಬೇಕಾಗಿಲ್ಲ, ಸಂತೆಕಟ್ಟೆ ದಾಟಿದೊಡನೆ ಸುವರ್ಣಾ ನದಿಯ ದಕ್ಷಿಣ ದಂಡೆಯ ಮೇಲೆ ಕಲ್ಯಾಣಪುರವೆಂಬ ಊರು ಸಿಕ್ಕುತ್ತದೆ. ಅದೇ ನಮ್ಮ ಹುಟ್ಟೂರು. ಹೊಟ್ಟೆಪಾಡಿಗಾಗಿ ನಾವು 1997ರಲ್ಲಿ ಅದನ್ನು ಬಿಟ್ಟು ದುಬಾಯಿ ಸೇರಿದೆವು. ಆ ಕಾಲದಲ್ಲಿ ಬಜಪೆಯಿಂದ ಅರಬರ ನಾಡಿಗೆ ವಿಮಾನವಿರಲಿಲ್ಲ. ಅದು ಆರಂಭವಾದುದು 2006ರಲ್ಲಿ. ಆದುದರಿಂದ ಉಡುಪಿಯಲ್ಲಿ ಬಸ್ಸು ಹತ್ತಿ, ಒಂದು ಹಗಲು ಒಂದು ರಾತ್ರಿ ಕುಲುಕಾಡಿ, ಮುಂಬಯಿಯಿಂದ ವಿಮಾನವೇರಿದೆವು. ಅಂದು ನಮ್ಮ ಪೆಟ್ಟಿಗೆಯನ್ನು ಬಸ್ಸಿನ ತಲೆಗೆ ಏರಿಸಿ, ಹಗ್ಗ ಬಿಗಿದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದವನು ನಮ್ಮ ಬಾಲ್ಯದ ಗೆಳೆಯ. ಆತನು 2024ರ ದಶಂಬರದಲ್ಲಿ ದುಬಾಯಿಗೆ ಬಂದು ನಮ್ಮೊಡನೆ ಒಂದು ದಿನ ಕಳೆದನು. ಆ ದಿನದ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ತೋರಿದುದರಿಂದ ಇದನ್ನು ಬರೆಯುತ್ತಿರುವೆವು.

ಗೆಳೆಯನು ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದವನು. ಆತನ ಮಗಳು ಅಬುಧಾಬಿಯಲ್ಲಿ ಸಂಸಾರ ಹೂಡಿರುವಳು. ಮೊಮ್ಮಗುವನ್ನು ನೋಡಲು ಬಂದವನು ಒಂದು ದಿನವನ್ನು ನಮಗೆಂದೇ ತೆಗೆದಿರಿಸಿದ್ದನು. ಮುಂಜಾನೆಯ ಬಸ್ಸಿಗೆ ಹೊರಟು, ಮರಳುಗಾಡಿನ ನಡುವೆ ಎರಡು ಗಂಟೆ ಪ್ರಯಾಣ ಮಾಡಿ, ಗುಬೈಬಾ ನಿಲ್ದಾಣದಲ್ಲಿ ಇಳಿದನು. ಕೈಯಲ್ಲಿ ಒಂದು ಬಟ್ಟೆಯ ಚೀಲ. ನಡಿಗೆಯಲ್ಲಿ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದುದನ್ನು ಕಂಡು, “ಕಾಲಿಗೇನಾಯಿತು ಮಾರಾಯಾ?” ಎಂದು ಕೇಳಿದೆವು. “ವಯಸ್ಸಾಯಿತು, ಮತ್ತೇನು?” ಎಂದು ಮಾತು ತೇಲಿಸಿಬಿಟ್ಟನು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಕೊಟ್ಟಿರುವೆವು.

ದುಬಾಯಿಗೆ ಬಂದವರನ್ನು ಮುಗಿಲು ಮುಟ್ಟುವ ಕಟ್ಟಡಗಳ ಕಡೆಗೆ ಕರೆದೊಯ್ಯುವುದು ವಾಡಿಕೆ. ಗೆಳೆಯನು ಅದನ್ನು ಒಪ್ಪಲಿಲ್ಲ. “ಅವನ್ನು ಮಗಳು ತೋರಿಸಿದ್ದಾಳೆ. ನಿಮ್ಮ ಊರಿನ ಹೊಳೆ ಎಲ್ಲಿದೆ, ಅದನ್ನು ತೋರಿಸು” ಎಂದನು. ಇಲ್ಲಿ ಹೊಳೆಯೆಂಬುದಿಲ್ಲ. ಸಮುದ್ರವೇ ನೆಲದೊಳಕ್ಕೆ ಬಾಗಿ ನುಗ್ಗಿ ಹಲವು ಮೈಲಿ ಚಾಚಿಕೊಂಡಿದೆ. ಅರಬರು ಅದನ್ನು ಖೋರ್ ಎನ್ನುತ್ತಾರೆ. ಊರು ಹುಟ್ಟಿದ್ದೂ ಬೆಳೆದದ್ದೂ ಅದರ ಎರಡು ದಂಡೆಗಳ ಮೇಲೆಯೇ. ನಾವು ಅಲ್ಲಿಗೆ ನಡೆದೇ ಹೋದೆವು.

ದಾರಿಯಲ್ಲಿ ಫಹೀದಿ ಕೋಟೆ. 1787ರಲ್ಲಿ ಕಟ್ಟಿದುದೆಂದು ಹೇಳುವ ಈ ಕೋಟೆಯು ನಮ್ಮ ಕಡೆಯ ಕೋಟೆಗಳನ್ನು ನೋಡಿದವರಿಗೆ ಒಂದು ದೊಡ್ಡ ಮನೆಯಂತೆ ಕಂಡೀತು. ಅದರ ಆಚೆಗೆ, ಇರಾನಿನ ಬಸ್ತಕ್ ಎಂಬಲ್ಲಿಂದ ಬಂದ ವರ್ತಕರು ಕಟ್ಟಿಸಿದ ಹಳೆಯ ಮನೆಗಳಿವೆ. ಪ್ರತಿಯೊಂದರ ನೆತ್ತಿಯಲ್ಲಿ ನಾಲ್ಕು ಕಡೆಗೂ ಬಾಯಿ ತೆರೆದ ಚೌಕ ಗೋಪುರ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವುದಕ್ಕಾಗಿ ಈ ಏರ್ಪಾಡು. ವಿದ್ಯುತ್ತು ಬರುವ ಮುನ್ನ ಇಲ್ಲಿಯ ಬೇಸಗೆಯನ್ನು ಜನರು ಸಹಿಸಿಕೊಂಡದ್ದು ಹೀಗೆ. ಗೆಳೆಯನು ಒಂದು ಗೋಪುರದ ಕೆಳಗೆ ನಿಂತು, “ನಮ್ಮಲ್ಲಿ ಮಳೆಯನ್ನು ಹೊರಗಿಡುವುದಕ್ಕೆ ಮಾಡು ಕಟ್ಟುತ್ತೇವೆ, ಇವರು ಗಾಳಿಯನ್ನು ಒಳಗೆ ಕರೆಯುವುದಕ್ಕೆ ಕಟ್ಟಿದರು” ಎಂದನು. ಆತನ ಮನಸ್ಸಿನಲ್ಲಿ ಮಾಡಿನ ಚಿಂತೆ ಅಂದು ಬೆಳಗ್ಗಿನಿಂದಲೇ ಇದ್ದಿತೆಂದು ನಮಗೆ ತಿಳಿದುದು ಆಮೇಲೆ.

ಖೋರಿನ ಒಂದು ದಂಡೆಯಿಂದ ಇನ್ನೊಂದಕ್ಕೆ ಅಬ್ರಾ ಎಂಬ ಮರದ ದೋಣಿಗಳು ಓಡಾಡುತ್ತವೆ. ನಡುವೆ ಒಂದು ಉದ್ದನೆಯ ಹಲಗೆ. ಅದರ ಮೇಲೆ ಇಪ್ಪತ್ತು ಜನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಬೇಕು. ಬಾಡಿಗೆ ಒಂದು ದಿರ್ಹಮ್. ಇಲ್ಲಿ ಮೊದಲನೆಯ ಸೇತುವೆಯಾದುದು 1963ರಲ್ಲಿ. ಅಲ್ಲಿಯವರೆಗೆ ದಾಟಬೇಕಾದವರಿಗೆ ದೋಣಿಯೇ ಗತಿ. ಕಲ್ಯಾಣಪುರದಲ್ಲಿಯೂ ಸೇತುವೆ ಬರುವ ಮುನ್ನ ಹಾಗೆಯೇ ಇದ್ದಿತೆಂದೂ, ಬ್ರಹ್ಮಾವರದ ಕಡೆಗೆ ಹೋಗುವವರು ಕಡವಿನಲ್ಲಿ ನಿಂತು ಆಚೆ ದಂಡೆಯ ಅಂಬಿಗನನ್ನು ಕೂಗಿ ಕರೆಯಬೇಕಾಗಿತ್ತೆಂದೂ ನಮ್ಮ ತೀರ್ಥರೂಪರು ಹೇಳುತ್ತಿದ್ದರು. ದೋಣಿ ಹೊರಟೊಡನೆ ಗೆಳೆಯನು ನೀರಿನಲ್ಲಿ ಬೆರಳದ್ದಿ ನಾಲಗೆಗೆ ತಾಗಿಸಿಕೊಂಡು, “ನಮ್ಮ ಹೊಳೆಗೆ ಬೇಸಗೆಯಲ್ಲಿ ಉಬ್ಬರ ಬಂದ ಹಾಗಿದೆ” ಎಂದು ನಕ್ಕನು.

ಸುವರ್ಣೆಯು ಘಟ್ಟದ ಬುಡದಿಂದ ಕಾರ್ಕಳದ ಸೀಮೆಯನ್ನು ಹಾದು ಬರುವ ನದಿ. ಉಡುಪಿ ಪಟ್ಟಣಕ್ಕೆ ಕುಡಿಯುವ ನೀರು ಕೊಡುವುದೂ ಅದೇ; ಹಿರಿಯಡಕದ ಬಳಿಯ ಬಜೆಯಲ್ಲಿ ಅದಕ್ಕೆ ಅಣೆಕಟ್ಟಿದೆ. ನಮ್ಮೂರಿಗೆ ಬರುವ ಹೊತ್ತಿಗೆ ಅದು ಅಗಲವಾಗಿ, ನಿಧಾನವಾಗಿ, ತೆಂಗು ತುಂಬಿದ ಕುದ್ರುಗಳನ್ನು ಬಳಸಿಕೊಂಡು, ಬೆಂಗ್ರೆಯ ಹತ್ತಿರ ಸೀತಾ ನದಿಯನ್ನು ಕೂಡಿಕೊಂಡು ಒಂದೇ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತದೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸನೆಂಬ ವರ್ತಕನು, ಮುಂದೆ ಸನ್ಯಾಸಿಯಾಗಿ ಬರೆದ ಗ್ರಂಥದಲ್ಲಿ, ಕಲ್ಲಿಯಾನವೆಂಬ ರೇವನ್ನೂ ಅಲ್ಲಿಗೆ ಪಾರಸೀಕದಿಂದ ನೇಮಕವಾಗಿ ಬರುತ್ತಿದ್ದ ಬಿಷಪರನ್ನೂ ಹೆಸರಿಸಿರುವನು. ಅದು ನಮ್ಮ ಕಲ್ಯಾಣಪುರವೇ ಎಂದು ಕೆಲವು ವಿದ್ವಾಂಸರು, ಮುಂಬಯಿಯ ಬಳಿಯ ಕಲ್ಯಾಣವೆಂದು ಇನ್ನು ಕೆಲವರು. “ಮೂವತ್ತು ವರ್ಷ ಮಕ್ಕಳಿಗೆ ಎರಡನ್ನೂ ಹೇಳಿದೆ. ಆದರೆ ನಮ್ಮದೆಂದು ಹೇಳುವಾಗ ಸ್ವರ ಸ್ವಲ್ಪ ಏರುತ್ತಿತ್ತು” ಎಂದನು ಗೆಳೆಯ. ಮಿಲಾಗ್ರಿಸ್ ಇಗರ್ಜಿಯ ಆರಂಭವಾದರೋ 1678ರದು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಅದೇ ಪ್ರಧಾನಾಲಯವಾಯಿತು. ಅದರ ಗಂಟೆಯನ್ನು ಕೇಳಿ ನಮ್ಮ ತಾಯಿಯವರು ಸಂಜೆಯ ದೀಪ ಹಚ್ಚುತ್ತಿದ್ದರು.

ಆಚೆಯ ದಂಡೆಯಲ್ಲಿ ಕೆಲವು ಮರದ ಹಡಗುಗಳು ನಿಂತಿದ್ದವು. ಹಿಂದಿನಷ್ಟು ಈಗಿಲ್ಲ. ನಮ್ಮ ಕರಾವಳಿಯ ಮಂಜಿಗಳ ನೆಂಟರಂತೆ ತೋರುವ ಇವುಗಳಿಗೆ ಒಂದು ಕಾಲದಲ್ಲಿ ಮಲೆಯಾಳದ ತೇಗದ ಮರವೇ ಬೇಕಾಗಿದ್ದಿತು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆಯೂ ಕಡಲಿನ ದಾರಿಯನ್ನೇ ಹಿಡಿದು ದೇಶಾಂತರಗಳಿಗೆ ಹೋಯಿತು. ಈ ಬಂದರಿನಲ್ಲಿ 1966ರವರೆಗೂ ರೂಪಾಯಿಯೇ ಚಲಾವಣೆಯಲ್ಲಿದ್ದಿತೆಂದರೆ ಇಂದಿನ ಮಕ್ಕಳು ನಂಬಲಾರರು. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಏಲಕ್ಕಿ ಹಾಕಿದ ಚಹಾ ಕುಡಿದು, ಬಿಸಿಲೇರುವ ಮೊದಲು ಮನೆಗೆ ಹಿಂದಿರುಗಿದೆವು.

ನಮ್ಮ ಮನೆಯಾಕೆ ಕುಚ್ಚಲಕ್ಕಿ ಅನ್ನ, ಕೊದ್ದೆಲು, ಪಾಯಸಗಳನ್ನು ಸಿದ್ಧಪಡಿಸಿದ್ದಳು. ಗೆಳೆಯನು ಚೀಲ ಬಿಚ್ಚಿದನು. ಹಲಸಿನ ಹಪ್ಪಳ ಬಂತು. ಮಾವಿನ ಮಿಡಿಯ ಉಪ್ಪಿನಕಾಯಿ ಬಂತು. ಇಲ್ಲಿಯ ಅಂಗಡಿಯಲ್ಲೇ ಕೊಂಡಿದ್ದ ಶಂಕರಪುರ ಮಲ್ಲಿಗೆಯ ತುಂಡು ಬಂತು. “ತಂಗೀ, ನಾಲ್ಕು ಚೆಂಡು ಕೂಡಿದರೆ ಒಂದು ಅಟ್ಟೆ ಎಂಬುದನ್ನು ಮರೆತಿಲ್ಲವಷ್ಟೆ? ಇಲ್ಲಿ ಕೇಳಿದ ಬೆಲೆಗೆ ನಮ್ಮಲ್ಲಿ ಅಟ್ಟೆಯೇ ಬರುತ್ತಿತ್ತು” ಎಂದು ಕೊಟ್ಟನು. ಊಟವಾಗುವವರೆಗೆ ನಗೆಮಾತೇ. ಎಲೆ ಎತ್ತಿದ ಮೇಲೆ ಚೀಲದ ಅಡಿಯಿಂದ ಇನ್ನೊಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟನು. ತೆಂಗಿನ ನಾರಿನ ಹುರಿಗೆ ಕಟ್ಟಿದ, ಗೇಣುದ್ದದ ಕಬ್ಬಿಣದ ಬೀಗದ ಕೈ. ಅದು ನಮ್ಮ ಮನೆಯದು.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಮ್ಮ ತಾಯಿಯವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಕರೆದರೂ ಬರಲಿಲ್ಲ. ನಾವು ಮೊದಲು ಪರದೇಶಕ್ಕೆ ಹೊರಟಾಗ ಟಿಕೇಟಿನ ಹಣ ಕೊಟ್ಟವರೂ ಅವರೇ. ಅದು ಪಿಗ್ಮಿಯಲ್ಲಿ ಕೂಡಿಟ್ಟದ್ದು. ನಮ್ಮೂರಿನಲ್ಲೇ 1898ರಲ್ಲಿ ಹುಟ್ಟಿದ ತೋನ್ಸೆ ಮಾಧವ ಅನಂತ ಪೈಗಳು ಸಂಗಡಿಗರೊಡನೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು 1928ರಿಂದ ಈ ಪದ್ಧತಿಯನ್ನು ನಡೆಸಿತು; ಅದರ ಏಜಂಟನು ದಿನವೂ ಮನೆಯ ಬಾಗಿಲಿಗೆ ಬಂದು, ಎರಡಾಣೆಯಿದ್ದರೆ ಎರಡಾಣೆಯನ್ನೇ ಬರೆದುಕೊಂಡು ಹೋಗುತ್ತಿದ್ದನು. 2020ರ ಎಪ್ರಿಲಿನಲ್ಲಿ ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಯಿತು. ಅದೇ ತಿಂಗಳು ನಮ್ಮ ತಾಯಿಯವರು ತೀರಿಕೊಂಡರು.

ಮಹಾಮಾರಿಯ ದಿನಗಳವು. ಮಾರ್ಚಿ 22ರಿಂದ ಹೊರದೇಶದ ವಿಮಾನಗಳು ನಿಂತಿದ್ದವು. ದುಬಾಯಿಯಿಂದ ಮಂಗಳೂರಿಗೆ ಜನರನ್ನು ಹೊತ್ತ ಮೊದಲ ವಿಮಾನ ಹೊರಟುದು ಮೇ 12ರಂದು. ಶವಸಂಸ್ಕಾರಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಸೇರಿದವರು ಏಳೆಂಟು ಮಂದಿ. ಮಗನ ಸ್ಥಾನದಲ್ಲಿ ನಿಂತು ಕೊಳ್ಳಿಯಿಟ್ಟವನು ಈ ಗೆಳೆಯನು. ಆತನ ಮಗನು ಹಿಡಿದ ಫೋನಿನಲ್ಲಿ, ಬೆರಳಗಲದ ಚಿತ್ರದಲ್ಲಿ, ನಾವು ಅದನ್ನು ನೋಡಿದೆವು. ಹನ್ನೊಂದು, ಹನ್ನೆರಡು, ಹದಿಮೂರನೆಯ ದಿನಗಳನ್ನೂ ಆತನೇ ನಡೆಯಿಸಿದನು; ಮನೆಗೆ ಬೀಗ ಹಾಕಿ ಕೈಯನ್ನು ತನ್ನಲ್ಲಿರಿಸಿಕೊಂಡನು. ಅದರ ವಿಷಯವಾಗಿ ಆತನು ಒಂದು ಮಾತನ್ನೂ ಆಡಿದವನಲ್ಲ, ನಾವೂ ಆಡಲಿಲ್ಲ. ಕೃತಜ್ಞತೆ ದೊಡ್ಡದಾದಾಗ ಅದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನಾಚಿಕೆಯಿಂದ ತಡಮಾಡುತ್ತ ಹೋದರೆ ಅದು ಮರವೆಯಂತೆಯೇ ಕಾಣತೊಡಗುತ್ತದೆ. ಆ ಬಳಿಕ ಎರಡು ಬಾರಿ ಊರಿಗೆ ಹೋದಾಗಲೂ ನಾಲ್ಕು ದಿನ ನೆಂಟರ ಮನೆಯಲ್ಲಿದ್ದು ಬಂದೆವಲ್ಲದೆ, ಆ ಬಾಗಿಲು ತೆಗೆಯಲು ಮನಸ್ಸಾಗಲಿಲ್ಲ. “ಬರುವ ವರ್ಷ ನೋಡೋಣ” ಎಂಬುದೇ ನಮ್ಮ ಉತ್ತರವಾಗಿತ್ತು.

“ಇದನ್ನು ಕೊಡುವುದಕ್ಕೇ ಬಂದೆ,” ಎಂದನು ಗೆಳೆಯನು. “ಇನ್ನು ನನ್ನಿಂದಾಗದು. ಕಳೆದ ಆಟಿಯಲ್ಲಿ ಚಾವಡಿಯ ಮೇಲೆ ಹಂಚು ಸರಿದು ನೀರು ಇಳಿಯುತ್ತಿತ್ತು. ಕರೆದರೆ ಯಾರೂ ಸಿಕ್ಕಲಿಲ್ಲ. ನಾನೇ ಏಣಿಯಿಟ್ಟು ಹತ್ತಿದೆ. ಜಾರಿತು.”

ಆಗ ನಮಗೆ ಎಡಗಾಲಿನ ಅರ್ಥವಾಯಿತು. “ನಮಗೆ ಹೇಳಲಿಲ್ಲವೇಕೆ?” ಎಂದು ಕೇಳಿದೆವು.

“ಹೇಳಿದ್ದರೆ ನೀನು ದುಡ್ಡು ಕಳುಹಿಸುತ್ತಿದ್ದೆ. ನನಗೆ ದುಡ್ಡು ಬೇಡ. ನೀನು ಊರಿಗೆ ಬರುತ್ತೀಯೋ ಇಲ್ಲವೋ ಎಂಬುದು ಬೇಕು. ಬರುವುದಿಲ್ಲವಾದರೆ ಮಾರಿಬಿಡು, ಕೇಳುವವರಿದ್ದಾರೆ. ನಿನ್ನಮ್ಮ ಇದ್ದ ಮನೆ ಬೀಳುವುದನ್ನು ದಿನಾ ನೋಡಿಕೊಂಡು ಹೋಗುವುದು ನನ್ನಿಂದಾಗದು ಮಾರಾಯಾ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ನಮ್ಮ ಮನೆಯಾಕೆಯೇ, “ಅಣ್ಣಾ, ಮಾಡು ಕೈಯಾಡಿಸಲು ಯಾವ ತಿಂಗಳು ಒಳ್ಳೆಯದು?” ಎಂದು ಕೇಳಿದಳು. “ಪಗ್ಗು. ಬೇಷ ಬಂದರೆ ಕೆಲಸದವರು ಸಿಕ್ಕುವುದಿಲ್ಲ” ಎಂದನು. “ಹಾಗಾದರೆ ಪಗ್ಗಿಗೆ ಬರುತ್ತೇವೆ” ಎಂದಳು. ನಮ್ಮನ್ನು ಕೇಳಲಿಲ್ಲ, ಕೇಳದಿದ್ದುದೇ ಒಳ್ಳೆಯದಾಯಿತು. ಅಂದು ಮೊದಲ ಬಾರಿಗೆ, 2020ರಲ್ಲಿ ಹೇಳಬೇಕಾಗಿದ್ದ ಮಾತನ್ನು ನಾವು ಗೆಳೆಯನಿಗೆ ಹೇಳಿದೆವು. ಆತನು ಕಿಟಕಿಯ ಕಡೆಗೆ ನೋಡುತ್ತ, “ಅವರು ನನಗೂ ಬಡಿಸಿದವರು” ಎಂದಷ್ಟೇ ಅಂದನು. ಸಂಜೆ ಬಸ್ಸು ಹತ್ತಿಸುವಾಗ ಬೀಗದ ಕೈಯನ್ನು ಮರಳಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ನೀನೇ ತಾ” ಎಂದನು. ಈ ಸಲ ಬಸ್ಸು ಮರೆಯಾಗುವವರೆಗೆ ನಿಂತವರು ನಾವು.

ಮಾತಿನಂತೆ 2025ರ ಎಪ್ರಿಲಿನಲ್ಲಿ ಹೋದೆವು. ಬಾಗಿಲು ತೆಗೆದಾಗ ಗೆದ್ದಲಿನ ವಾಸನೆ. ಪಕ್ಕಾಸುಗಳಲ್ಲಿ ಮೂರಕ್ಕೊಂದು ಟೊಳ್ಳಾಗಿದ್ದಿತು. ಹಂಚುಗಳು ಮಾತ್ರ ಹೆಚ್ಚಿನವು ಗಟ್ಟಿಯಾಗಿದ್ದು, ತೊಳೆದು ಮರಳಿ ಹೊದೆಸಲು ಬಂದವು. ಅಂಗಳದ ಮಾವಿನ ಬುಡದಲ್ಲಿ ಕುರ್ಚಿ ಹಾಕಿಕೊಂಡು ಗೆಳೆಯನು ಕೆಲಸದವರಿಗೆ ಅಪ್ಪಣೆ ಕೊಡುತ್ತಿದ್ದನು. ಏಣಿಯ ಹತ್ತಿರಕ್ಕೆ ಬರಗೊಡಲಿಲ್ಲ. ಒಂದು ಕೋಣೆಯನ್ನು ನಮಗಾಗಿ ಇಟ್ಟುಕೊಂಡು, ಉಳಿದುದನ್ನು ಮಕ್ಕಳೊಂದಿಗರಾದ ಒಬ್ಬ ಅಧ್ಯಾಪಕರಿಗೆ ಸುಲಭ ಬಾಡಿಗೆಗೆ ಕೊಟ್ಟುಬಂದೆವು. ಮನುಷ್ಯರ ಉಸಿರಾಟವಿಲ್ಲದ ಮನೆ ಹೆಚ್ಚು ದಿನ ಬಾಳದು. ಹೊರಡುವ ಮುನ್ನಾದಿನ ಹೊಳೆಯ ದಂಡೆಗೆ ಇಬ್ಬರೂ ಹೋಗಿ, ಉಬ್ಬರ ಏರುವವರೆಗೆ ಕುಳಿತಿದ್ದೆವು.

ಆ ವರ್ಷ ಮಳೆಗಾಲವು ಅವಸರಪಟ್ಟಿತು. ಮೇ 24ಕ್ಕೇ ಕೇರಳಕ್ಕೆ ಇಳಿಯಿತು. ಎರಡು ದಿನಗಳ ಮೇಲೆ ಗೆಳೆಯನ ಫೋನು ಬಂದಿತು. “ರಾತ್ರಿಯಿಡೀ ಹೊಯ್ದಿದೆ. ಹೋಗಿ ನೋಡಿ ಬಂದೆ. ಒಳಗೆ ಒಂದು ಹನಿಯಿಲ್ಲ” ಎಂದನು.

ವಾಚಕರಲ್ಲಿ ಪರಸ್ಥಳದಲ್ಲಿರುವವರು ಅನೇಕರಿರಬಹುದು. ಅವರ ಊರಿನ ಮನೆಯ ಬೀಗದ ಕೈ ಯಾರ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದೆಯೋ, ಆ ಮನೆಯವರ ಕಾಲು ಕೈ ಸುಖವಾಗಿರುವುವೇ ಎಂದು ಒಮ್ಮೆ ವಿಚಾರಿಸಿಕೊಳ್ಳಲಿ. ನಾವು ವಿಚಾರಿಸಲು ಐದು ವರ್ಷ ತಡಮಾಡಿದೆವು.