ಬಾಲ್ಯ ಯಾರ ಮನೆ ಸೊತ್ತು?

ಫ್ರಾನ್ಸಿನ ಚರಿತ್ರಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಒಂದು ಪುಸ್ತಕ ಬರೆದು, ಮಧ್ಯಯುಗದ ಯುರೋಪಿನಲ್ಲಿ ಬಾಲ್ಯವೆಂಬ ಕಲ್ಪನೆಯೇ ಇರಲಿಲ್ಲ ಎಂದ. ಆಗಿನ ಚಿತ್ರಗಳಲ್ಲಿ ಮಕ್ಕಳು ಕುಳ್ಳಗಿನ ದೊಡ್ಡವರ ಹಾಗೆ ಕಾಣುತ್ತಿದ್ದರಂತೆ. ಆಮೇಲೆ ಶಾಲೆ ಬೆಳೆಯಿತು, ಮಗುವಿಗೆ ಬೇರೆಯದೇ ಲೋಕ ಬಂತಂತೆ. ಈ ಮಾತನ್ನು ಒಪ್ಪದ ಪಂಡಿತರೂ ಬಹಳ ಮಂದಿ. ಅವರ ಜಗಳ ಅವರಿಗಿರಲಿ. ನನ್ನ ಪ್ರಶ್ನೆ ಬೇರೆ: ಆ ಬಾಲ್ಯ ನಮ್ಮ ಕೇರಿಗೆ ಯಾವಾಗ ಬಂತು?

ಕೇರಿಯಲ್ಲಿ ಮಕ್ಕಳ ವಯಸ್ಸನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಅಣ್ಣ ಜೀತಕ್ಕೆ ಹೋದಾಗ ಎಷ್ಟು ವರ್ಷವಾಗಿತ್ತವ್ವ ಎಂದರೆ ಅವ್ವ, "ವರ್ಸ ಯಾರ್ ಬರ್ದಿಟ್ಟವ್ರೆ ಮಗ, ಸಗಣಿ ಬುಟ್ಟಿ ಎತ್ತೋವಷ್ಟಾಗಿದ್ದ" ಎನ್ನುತ್ತಿದ್ದಳು. ಶಾಲೆಯ ಅಳತೆ ಬೇರೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು, ಆಗ ಮೇಷ್ಟ್ರು ಹೆಸರು ಬರೆದುಕೊಳ್ಳುತ್ತಿದ್ದರು. ಅಣ್ಣನ ಕೈ ಕಿವಿ ಮುಟ್ಟುವ ಮೊದಲೇ ಬುಟ್ಟಿ ಮುಟ್ಟಿತ್ತು. ಅಪ್ಪನ ಸಾಲಕ್ಕೆ ಅವನೇ ಅಡವು.

ಇದು ನಮ್ಮೊಂದು ಮನೆಯ ಕತೆಯಲ್ಲ. 1882ರಲ್ಲೇ ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ, ಕೊನೇಪಕ್ಷ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದಿದ್ದರು. ಯಾರೂ ಕೇಳಲಿಲ್ಲ. 6ರಿಂದ 10 ವರ್ಷದ ಗಂಡುಹುಡುಗರಿಗಾದರೂ ಆಗಲೆಂದು ಗೋಖಲೆ 1911ರಲ್ಲಿ ತಂದ ಮಸೂದೆ 1912ರಲ್ಲಿ ಬಿದ್ದುಹೋಯ್ತು. ಮಕ್ಕಳ ದುಡಿಮೆಯನ್ನು ಅಡವಿಡಬಾರದೆಂಬ ಕಾಯಿದೆ 1933ರಲ್ಲಿ ಬಂತು. ಜೀತ ರದ್ದತಿ ಕಾಯಿದೆಗೆ 1976ರವರೆಗೆ, ಶಿಕ್ಷಣ ಹಕ್ಕು ಕಾಯಿದೆಗೆ 2009ರವರೆಗೆ ಕಾಯಬೇಕಾಯಿತು. ಫುಲೆ ಬಾಯಿಬಿಟ್ಟು ಕೇಳಿದ ಮೇಲೆ 127 ವರ್ಷ! ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳು ದನದ ಹಿಂದೆಯೇ ಮುದುಕರಾದರು.

ಈಗಲಾದರೂ ಮುಗಿಯಿತೇ? 2016ರ ತಿದ್ದುಪಡಿ 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು. ಅದರ ಜೊತೆಗೇ, ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಕಸುಬಿಗೆ ಮಗು ನೆರವಾಗಬಹುದು ಎಂದೂ ಸೇರಿಸಿತು. ಮನೆಕಸುಬು ಅಂದ್ರೇನು ಸ್ವಾಮಿ? ವಕೀಲರ ಮಗ ಅಪ್ಪನ ಪುಸ್ತಕ ತಿರುವುತ್ತಾನೆ. ಚಪ್ಪಲಿ ಹೊಲಿಯೋನ ಮಗ ಉಳಿ ಹಿಡೀತಾನೆ. ಜಾತಿ ಹೊರಿಸಿದ ಕೆಲಸಕ್ಕೆ ಕಾನೂನು 'ಮನೆಯದು' ಎಂದು ಹೆಸರಿಟ್ಟರೆ, ಹಳೇ ಬುಟ್ಟಿ ಹೊಸ ತಲೆಗೆ ಏರುತ್ತದೆ, ಅಷ್ಟೆ.

ಹಳ್ಳಿಯ ಮೇಷ್ಟ್ರುಗಳೇ, ಹಾಜರಿ ಪುಸ್ತಕದಲ್ಲಿ ಒಂದು ಹುಡುಗಿಯ ಹೆಸರಿನ ಮುಂದೆ ಗೈರು ಎಂದು ಬರೆಯುವ ಮುನ್ನ, ಅವಳು ಈ ಹೊತ್ತಿನಲ್ಲಿ ಏನು ಹೊತ್ತಿದ್ದಾಳೆಂದು ಒಂದು ಸಲ ಕೇರಿಗೆ ಬಂದು ನೋಡಿ.