ಬಟವಾಡೆಯ ಹಿಂದಿನ ರಾತ್ರಿ

ಕೆರೆಬಿಳಚಿಯಲ್ಲಿ ನಮ್ಮ ದೊಡ್ಡಪ್ಪನ ಮನೆಯವರು ಅಡಿಕೆ ಖೇಣಿ ಮಾಡುತ್ತಾರೆ. ಸುತ್ತಲಿನ ತೋಟಗಳ ಫಸಲು ಹಿಡಿದು, ಗೊನೆ ಇಳಿಸಿ, ಸುಲಿಸಿ, ಚೊಗರು ಹಾಕಿ ಬೇಯಿಸಿ, ಒಣಗಿಸಿ ಚನ್ನಗಿರಿಗೆ ಸಾಗಿಸುವ ಕೆಲಸ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಆ ಮನೆಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಸಂಜೆ ಸುಲಿತ ಮುಗಿದ ಮೇಲೆ ದೊಡ್ಡ ಹಂಡೆಯ ಒಲೆಗೆ ಬೆಂಕಿ ಬೀಳುತ್ತದೆ, ಮನೆಯವರೆಲ್ಲ ಅದರ ಸುತ್ತ ಸೇರುತ್ತಾರೆ. ನಾನು ಈಗ ಹೇಳುತ್ತಿರುವುದು ಅಂಥದೊಂದು ಸುಗ್ಗಿಯಲ್ಲಿ ನಡೆದದ್ದು.

ಸುಲಿಯಲು ಬರುವ ಹೆಣ್ಣುಮಕ್ಕಳಿಗೆ ತೂಕದ ಮೇಲೆ ಕೂಲಿ. ಯಾರು ಯಾವ ದಿನ ಎಷ್ಟು ಸುಲಿದರು ಎಂಬುದನ್ನು ಮೊದಲೆಲ್ಲ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಬಟವಾಡೆಯ ದಿನ ಮಾತಿಗೆ ಮಾತು ಬೆಳೆಯುತ್ತಿತ್ತು. ‘ಸೋಮವಾರದ್ದು ಬಿಟ್ಟೀರಿ’ ಎಂದು ಇವರು, ‘ಬರೆದೈತಲ್ಲ ನೋಡು’ ಎಂದು ಅವರು. ಅತ್ತಿಗೆ ಈ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಹಾಕಿ, ಒಬ್ಬೊಬ್ಬರಿಗೂ ವಾರದ ತೂಕ, ದರ, ಮುಂಗಡ, ಬಾಕಿ ಎಲ್ಲ ಇರುವ ಚೀಟಿ ಅಚ್ಚು ಮಾಡಿ ಕೊಡಲು ಶುರು ಮಾಡಿದರು. ಓದು ಬಾರದವರೂ ಮನೆಗೆ ಒಯ್ದು ಮಕ್ಕಳ ಕೈಲಿ ಓದಿಸುತ್ತಿದ್ದರು. ಜಗಳ ನಿಂತಿತು. ಹಾಗಾಗಿ ಜಗಲಿ ಪಕ್ಕದ ಕೋಣೆಯಲ್ಲಿದ್ದ ಆ ವೈಫೈ ಪ್ರಿಂಟರಿಗೆ ಆ ಮನೆಯಲ್ಲಿ ತಕ್ಕಡಿಯಷ್ಟೇ ಮರ್ಯಾದೆ ಇತ್ತು.

ಆ ವಾರ ಸಿಡಿಲಿಗೆ ಮನೆಯ ರೌಟರ್ ಸುಟ್ಟುಹೋಗಿತ್ತು. ಹೊಸದನ್ನು ಕೂರಿಸಿದ್ದರು, ಫೋನುಗಳಿಗೆಲ್ಲ ಇಂಟರ್ನೆಟ್ ಬಂದಿತ್ತು. ಪ್ರಿಂಟರ್ ಮಾತ್ರ ನೀಲಿ ದೀಪ ಮಿಟುಕಿಸುತ್ತ ಕೂತಿತ್ತು. ಮರುದಿನ ಬಟವಾಡೆ. ನಾನು ದಾವಣಗೆರೆಯಿಂದ ಹೋಗಿ ಇಳಿಯುವಷ್ಟರಲ್ಲಿ ಪಿಯುಸಿ ಓದುವ ಅಣ್ಣನ ಮಗಳು ಪ್ರಿಂಟರಿನ ಸಾಫ್ಟ್‌ವೇರನ್ನೆಲ್ಲ ಅಳಿಸಿ ಮತ್ತೆ ಹಾಕಿದ್ದಳು. ಸರಿಹೋಗಿರಲಿಲ್ಲ. ‘ಚಿಕ್ಕಪ್ಪ, ಇದು ಕೆಟ್ಟೇ ಹೋಗೈತೆ, ಬೇರೆ ತರಬೇಕು’ ಎಂದಳು.

ಕೆಟ್ಟಿದೆ ಎನ್ನುವ ಮೊದಲು ಯಾವುದು ಸರಿಯಾಗಿದೆ ಎಂದು ನೋಡೋಣ ಎಂದೆ. ಲೆಕ್ಕದ ಪುಸ್ತಕದ ಒಂದು ಹಾಳೆಯನ್ನು ಪ್ರಿಂಟರಿನ ಗಾಜಿನ ಮೇಲಿಟ್ಟು ನಕಲು ತೆಗೆಯುವ ಗುಂಡಿ ಒತ್ತಿಸಿದೆ. ನಕಲು ಅಚ್ಚುಕಟ್ಟಾಗಿ ಬಂತು. ಅಂದರೆ ಶಾಯಿ, ಕಾಗದ ಎಳೆಯುವ ಉರುಳೆ, ಅಚ್ಚು ಹಾಕುವ ತಲೆ ಎಲ್ಲ ನೆಟ್ಟಗಿವೆ. ತೊಂದರೆ ಪ್ರಿಂಟರಿಗೂ ಲ್ಯಾಪ್‌ಟಾಪಿಗೂ ನಡುವಿನ ದಾರಿಯಲ್ಲಿದೆ. ಅರ್ಧ ಅನುಮಾನ ಒಂದೇ ಹಾಳೆಯಲ್ಲಿ ಕಳೆಯಿತು.

ಆಮೇಲೆ ಪ್ರಿಂಟರನ್ನೇ ಕೇಳಿದೆವು. ವೈಫೈ ಇರುವ ಹೆಚ್ಚಿನ ಪ್ರಿಂಟರುಗಳು ತಾವು ಯಾವ ಜಾಲದಲ್ಲಿದ್ದೇವೆ, ತಮ್ಮ ಐಪಿ ವಿಳಾಸ ಏನು ಎಂಬುದನ್ನು ಒಂದು ಹಾಳೆಯಲ್ಲಿ ತಾವೇ ಅಚ್ಚು ಹಾಕಿ ಕೊಡುತ್ತವೆ. ಮೆನುವಿನಲ್ಲಿ ‘ನೆಟ್‌ವರ್ಕ್ ರಿಪೋರ್ಟ್’ ಎಂದಿರುತ್ತದೆ. ಪರದೆ ಇಲ್ಲದವುಗಳಲ್ಲಿ ಒಂದೆರಡು ಗುಂಡಿ ಒಟ್ಟಿಗೆ ಹಿಡಿಯಬೇಕು. ಆ ಹಾಳೆ ಬಂತು. ಜಾಲದ ಹೆಸರಿನ ಮುಂದೆ ಸುಟ್ಟುಹೋದ ರೌಟರಿನ ಹೆಸರು, ವಿಳಾಸದ ಜಾಗದಲ್ಲಿ ಬರೀ ಸೊನ್ನೆ. ಪಾಪ, ಅದು ಇಲ್ಲದ ರೌಟರನ್ನು ಹುಡುಕುತ್ತ ದೀಪ ಮಿಟುಕಿಸುತ್ತಿತ್ತು. ಅಲ್ಲಿ 169.254 ಎಂದು ಶುರುವಾಗುವ ಅಂಕಿ ಇದ್ದಿದ್ದರೆ ಅರ್ಥ ಬೇರೆ ಆಗುತ್ತಿತ್ತು. ಜಾಲದೊಳಗೆ ಬಂದಿದೆ, ಆದರೆ ವಿಳಾಸ ಕೊಡುವವರು ಸಿಗದೆ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅದರ ಮಾತು.

ಹೊಸ ಜಾಲಕ್ಕೆ ಸೇರಿಸಲು ಹೋದರೆ ಮತ್ತೊಂದು ಗೋಜಲು. ಹೊಸ ರೌಟರ್ ಎರಡು ಹೆಸರು ಸಾರುತ್ತಿತ್ತು, ಒಂದು 2.4 ಗಿಗಾಹರ್ಟ್ಸ್‌ನದು, ಇನ್ನೊಂದು 5 ಗಿಗಾಹರ್ಟ್ಸ್‌ನದು. ಮನೆಯವರ ಫೋನುಗಳೆಲ್ಲ ಎರಡನೆಯದಕ್ಕೆ ಸೇರಿದ್ದವು, ಹುಡುಗಿ ಪ್ರಿಂಟರಿನ ಪಟ್ಟಿಯಲ್ಲೂ ಅದೇ ಹೆಸರನ್ನು ಹುಡುಕಿ ಹುಡುಕಿ ಸೋತಿದ್ದಳು. ಅದು ಅಲ್ಲಿ ಕಾಣುವಂತೆಯೇ ಇರಲಿಲ್ಲ. ನಮ್ಮ ದೇಶದಲ್ಲಿ 2.4ರ ಆವರ್ತನ ಪಟ್ಟಿಯನ್ನು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟದ್ದು 2005ರಲ್ಲಿ, 5ರ ಪಟ್ಟಿಯನ್ನು ವಿಸ್ತಾರವಾಗಿ ಬಿಟ್ಟದ್ದು 2018ರಲ್ಲಿ. ಮನೆಗೆ ಕೊಳ್ಳುವ ಕಡಿಮೆ ಬೆಲೆಯ ಪ್ರಿಂಟರುಗಳಲ್ಲಿ ಎಷ್ಟೋ ಇವತ್ತಿಗೂ 2.4 ಒಂದನ್ನೇ ಕೇಳಬಲ್ಲವು. ಅದರಲ್ಲಿ ವೇಗ ಕಡಿಮೆ, ಆದರೆ ಹಳೆಯ ಮನೆಯ ಮಣ್ಣಿನ ಗೋಡೆ ದಾಟಿ ದೂರ ಹೋಗುತ್ತದೆ. ಚೀಟಿ ಅಚ್ಚು ಹಾಕಲು ಅಷ್ಟು ಸಾಕು. ಮೊದಲ ಹೆಸರನ್ನು ಆರಿಸಿ ಗುಪ್ತಪದ ಕೊಟ್ಟಳು, ದೀಪ ಮಿಟುಕುವುದು ನಿಂತಿತು. ಲ್ಯಾಪ್‌ಟಾಪ್ 5ರಲ್ಲೇ ಇರಲಿ ಎಂದೆ. ಒಂದೇ ರೌಟರಿನ ಎರಡು ಬಾಗಿಲು, ಒಳಗಿನ ಮನೆ ಒಂದೇ.

ಅವಳ ಫೋನಿನಿಂದ ಚೀಟಿ ಅಚ್ಚಾಯಿತು, ಅತ್ತಿಗೆಯ ಲ್ಯಾಪ್‌ಟಾಪಿನಿಂದ ಆಗಲಿಲ್ಲ. ‘ಆಫ್‌ಲೈನ್’ ಎಂದು ಅದೇ ಹಟ. ಫೋನ್ ಪ್ರತಿ ಸಲವೂ ‘ಇಲ್ಲಿ ಪ್ರಿಂಟರ್ ಯಾರಿದ್ದೀರಿ’ ಎಂದು ಜಾಲದಲ್ಲಿ ಕೂಗಿ ಕೇಳುತ್ತದೆ, ಇರುವ ಪ್ರಿಂಟರ್ ಓಗೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಪ್ರಿಂಟರನ್ನು ಐಪಿ ವಿಳಾಸ ಬರೆದು ಸೇರಿಸಿದ್ದರು. ಹುಡುಗಿ ಮತ್ತೆ ಸಾಫ್ಟ್‌ವೇರ್ ಹಾಕುವಾಗಲೂ ಅದೇ ಹಳೆಯ ಪೋರ್ಟ್ ಉಳಿದುಕೊಂಡಿತ್ತು. ಹಳೆಯ ರೌಟರ್ ಕೊಡುತ್ತಿದ್ದ ವಿಳಾಸಗಳು 192.168.0 ಎಂದು ಶುರುವಾಗುತ್ತಿದ್ದವು, ಹೊಸದರವು 192.168.1 ಎಂದು. ಲ್ಯಾಪ್‌ಟಾಪ್ ಚೀಟಿಯನ್ನು ಹಳೆಯ ವಿಳಾಸಕ್ಕೇ ಕಳಿಸುತ್ತಿತ್ತು.

ಒಲೆಗೆ ಸೌದೆ ತಳ್ಳುತ್ತಿದ್ದ ದೊಡ್ಡಪ್ಪ ಇದನ್ನೆಲ್ಲ ಕೇಳಿಸಿಕೊಂಡು, ‘ಅಂದ್ರೆ ನಮ್ಮ ಜಿಲ್ಲೆ ಬದಲಾದಂಗೆ ಅನ್ನು’ ಎಂದರು. ‘ಪಟೇಲರು ಮುಖ್ಯಮಂತ್ರಿ ಆಗಿದ್ದಾಗ ದಾವಣಗೆರೆ ಜಿಲ್ಲೆ ಮಾಡಿದ್ರಲ್ಲ. ಮಲಗಿದ್ದಾಗ ಶಿವಮೊಗ್ಗ ಜಿಲ್ಲೆ, ಎದ್ದಾಗ ದಾವಣಗೆರೆ ಜಿಲ್ಲೆ. ಊರು ಅದೇ, ಮನೆ ಅದೇ. ಆದ್ರೂ ಎಷ್ಟೋ ದಿನ ನಮಗೆ ಬರೋ ಕಾಗದದ ಮೇಲೆ ಶಿವಮೊಗ್ಗ ಜಿಲ್ಲೆ ಅಂತ್ಲೇ ಇರ್ತಿತ್ತು. ಅಂಚೆಯವರಿಗೆ ಗೊತ್ತಿತ್ತು, ತಂದು ಕೊಡ್ತಿದ್ರು.’

ಲ್ಯಾಪ್‌ಟಾಪಿಗೆ ಅಂಥ ಅಂಚೆಯವರು ಇಲ್ಲ ದೊಡ್ಡಪ್ಪ, ಅದಕ್ಕೇ ತೊಂದರೆ ಎಂದೆ. ಕಾರಿಗನೂರಿನ ಜೆ.ಎಚ್. ಪಟೇಲರ ಕಾಲದಲ್ಲಿ ಚನ್ನಗಿರಿ, ಹೊನ್ನಾಳಿಗಳು ಹೊಸ ಜಿಲ್ಲೆಗೆ ಸೇರಿದ್ದು 1997ರ ಆಗಸ್ಟ್ 15ರಂದು. ವೈಫೈಗೆ ಬುನಾದಿಯಾದ 802.11 ಎಂಬ ಮಾನದಂಡದ ಮೊದಲ ಆವೃತ್ತಿ ಬಂದದ್ದೂ, ರೌಟರುಗಳು ವಿಳಾಸ ಹಂಚಲು ಇಂದಿಗೂ ಅನುಸರಿಸುವ ಡಿಎಚ್‌ಸಿಪಿ ನಿಯಮಗಳು ಪ್ರಕಟವಾದದ್ದೂ ಅದೇ 1997ರಲ್ಲಿ. ದೊಡ್ಡಪ್ಪನ ಮಾತು ಕೇಳಿದ ಮೇಲೆ ಅತ್ತಿಗೆಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ. ‘ಹಂಗಾದ್ರೆ ಹೊಸ ವಿಳಾಸ ಬರೆದ್ರೆ ಆತು’ ಎಂದು ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡರು. ಪ್ರಿಂಟರಿನ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಎಂಬಲ್ಲಿ ಹೊಸ ಟಿಸಿಪಿ-ಐಪಿ ಪೋರ್ಟ್ ಸೇರಿಸಿ, ಪ್ರಿಂಟರಿನಿಂದ ಮತ್ತೆ ತೆಗೆಸಿದ ಹಾಳೆಯಲ್ಲಿದ್ದ ಅಂಕಿಯನ್ನು ಅವರೇ ಬರೆದರು. ಸರತಿಯಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಚೀಟಿಗಳನ್ನು ಮೊದಲು ರದ್ದು ಮಾಡಿಸಿದೆ, ಇಲ್ಲದಿದ್ದರೆ ಒಂದೇ ಚೀಟಿ ಮತ್ತೆ ಮತ್ತೆ ಬಂದು ಲೆಕ್ಕ ಗೊಂದಲವಾಗುತ್ತಿತ್ತು. ಪರೀಕ್ಷೆಗೆಂದು ಕಳಿಸಿದ ಚೀಟಿ ಬಂತು. ಉಳಿದದ್ದು ಬೆಳಿಗ್ಗೆ, ತೂಕ ಎಲ್ಲ ಸೇರಿಸಿದ ಮೇಲೆ ಎಂದರು.

ರಾತ್ರಿ ಕರೆಂಟು ಹೋಗಿ ಬಂತು. ಬೆಳಿಗ್ಗೆ ಅತ್ತಿಗೆ ಲೆಕ್ಕ ಮುಗಿಸಿ ಕಳಿಸಿದರೆ ಪ್ರಿಂಟರ್ ಮತ್ತೆ ಮೌನ. ಅಂಗಳದಲ್ಲಿ ಜನ ಸೇರುತ್ತಿದ್ದರು. ಹುಡುಗಿ ಈ ಸಲ ಏನನ್ನೂ ಅಳಿಸಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ವಿಳಾಸಕ್ಕೆ ಪಿಂಗ್ ಕೊಟ್ಟಳು. ಉತ್ತರ ಬಂತು! ಉತ್ತರ ಬರುತ್ತದೆ, ಅಚ್ಚಾಗುವುದಿಲ್ಲ. ನಾನೂ ಒಂದು ಗಳಿಗೆ ಯೋಚನೆಗೆ ಬಿದ್ದೆ. ಅಷ್ಟರಲ್ಲಿ ಅವಳು ಪ್ರಿಂಟರಿನಿಂದ ಇನ್ನೊಂದು ಹಾಳೆ ತೆಗೆಸಿ ಹಿಂದಿನ ರಾತ್ರಿಯ ಹಾಳೆಯ ಪಕ್ಕ ಇಟ್ಟಳು. ಕೊನೆಯ ಅಂಕಿ ಬೇರೆ ಆಗಿತ್ತು.

ನಡೆದದ್ದು ಇಷ್ಟು. ಕರೆಂಟು ಹೋಗಿ ಬಂದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬುದನ್ನು ರೌಟರ್ ಮರೆತಿತ್ತು. ಬೆಳಗಿನ ಜಾವ ಲಾರಿಯ ಜತೆ ಬಂದ ಹುಡುಗನಿಗೆ ಯಾರೋ ಗುಪ್ತಪದ ಹೇಳಿದ್ದರು, ಅವನ ಫೋನಿಗೆ ಪ್ರಿಂಟರಿನ ವಿಳಾಸ ಸಿಕ್ಕಿಬಿಟ್ಟಿತ್ತು. ಪಿಂಗ್‌ಗೆ ಓಗೊಟ್ಟದ್ದು ಆ ಫೋನ್. ತಡವಾಗಿ ಎದ್ದ ಪ್ರಿಂಟರಿಗೆ ಬೇರೆ ವಿಳಾಸ ಬಂದಿತ್ತು.

ಆಗ ಬೇರಿಗೇ ಕೈ ಹಾಕಿದೆವು. ಪ್ರತಿ ಯಂತ್ರಕ್ಕೂ ತಯಾರಿಸುವಾಗಲೇ ಬರುವ ಮ್ಯಾಕ್ ವಿಳಾಸ ಎಂಬುದೊಂದು ಇರುತ್ತದೆ. ಅದೂ ಆ ಹಾಳೆಯಲ್ಲೇ ಅಚ್ಚಾಗಿತ್ತು. ರೌಟರಿನ ಒಳಪುಟಕ್ಕೆ ಹೋಗಿ, ಈ ಮ್ಯಾಕ್ ಇರುವ ಯಂತ್ರಕ್ಕೆ ಯಾವಾಗಲೂ ಇದೇ ಐಪಿ, ಬೇರೆ ಯಾರಿಗೂ ಅದನ್ನು ಕೊಡಬಾರದು ಎಂದು ಕಾಯ್ದಿರಿಸಿದೆವು. ಬಂದುಹೋಗುವವರ ಫೋನುಗಳಿಗೆ ಅತಿಥಿ ಜಾಲ ಬೇರೆ ಮಾಡಿದೆವು. ಅತಿಥಿ ಜಾಲದಲ್ಲಿ ಇರುವವರಿಗೆ ಸಾಮಾನ್ಯವಾಗಿ ಇಂಟರ್ನೆಟ್ ಸಿಗುತ್ತದೆ, ಮನೆಯ ಪ್ರಿಂಟರ್ ಕಾಣುವುದಿಲ್ಲ. ಹಾಗಾಗಿ ಖೇಣಿಯ ಲೆಕ್ಕ ಬರೆಯುವ ರೈಟರ ಫೋನನ್ನು ಮಾತ್ರ ಮನೆಯ ಜಾಲದಲ್ಲೇ ಉಳಿಸಿಕೊಂಡೆವು. ಲ್ಯಾಪ್‌ಟಾಪಿನ ಪೋರ್ಟಿನಲ್ಲಿ ಆ ಕಾಯಂ ಅಂಕಿ ಬರೆದು, ಪ್ರಿಂಟರನ್ನು ಒಮ್ಮೆ ಆರಿಸಿ ಹಾಕಿದ ಮೇಲೆ ಚೀಟಿಗಳು ಒಂದರ ಹಿಂದೊಂದು ಇಳಿಯತೊಡಗಿದವು. ಅತ್ತಿಗೆ ಹೆಸರು ಕೂಗುತ್ತ ಹೋದರು.

ಇದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ, ಅದಕ್ಕೆ ಕಾರಣವಿದೆ. ಎಲ್ಲವನ್ನೂ ಅಳಿಸಿ ಮತ್ತೆ ಹಾಕುವವರಿಗೆ ಒಮ್ಮೊಮ್ಮೆ ಕೆಲಸ ಆಗುತ್ತದೆ. ಆದರೆ ಯಾಕೆ ಆಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಕರೆಂಟು ಹೋದಾಗ ಮತ್ತೆ ಅದೇ ಗೋಳು. ನಕಲು ತೆಗೆದು ಯಂತ್ರವನ್ನು, ಹಾಳೆ ತೆಗೆದು ಜಾಲವನ್ನು, ಫೋನಿನಿಂದ ಕಳಿಸಿ ಲ್ಯಾಪ್‌ಟಾಪನ್ನು ಬೇರೆ ಬೇರೆಯಾಗಿ ಕೇಳಿದರೆ ಪ್ರತಿಯೊಂದೂ ತನ್ನ ಪಾಲಿನ ಉತ್ತರ ಕೊಡುತ್ತದೆ. ಅದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಒಂದು ಹಳ್ಳಿಯ ಮನೆಯಲ್ಲಿ ಕೂಲಿಯ ಲೆಕ್ಕ ಈ ಜಾಲದ ಮೇಲೆ ನಿಂತಿದೆ ಎಂದಮೇಲೆ ಅದರ ಬೀಗದ ಕೈ ಆ ಮನೆಯವರ ಬಳಿಯೇ ಇರಬೇಕು.

ಹುಡುಗಿ ಆ ದಿನವೇ ಜಾಲದ ಹೆಸರು, ಗುಪ್ತಪದ, ಪ್ರಿಂಟರಿನ ಮ್ಯಾಕ್, ಕಾಯಂ ಐಪಿ ಎಲ್ಲವನ್ನೂ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಳು. ಮುಂದಿನ ಮಳೆಗಾಲದಲ್ಲಿ ಸಿಡಿಲು ಇನ್ನೊಂದು ರೌಟರನ್ನು ತಿಂದಿತು. ನನಗೆ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ. ಹೊಸ ರೌಟರಿಗೆ ಹಳೆಯದರ ಹೆಸರನ್ನೂ ಗುಪ್ತಪದವನ್ನೂ ಇಟ್ಟಿದ್ದಳು, ಹಾಗಾಗಿ ಪ್ರಿಂಟರೂ ಫೋನುಗಳೂ ತಾವಾಗಿಯೇ ಬಂದು ಸೇರಿದ್ದವು. ವಿಳಾಸಗಳ ಸಾಲನ್ನು ಮೊದಲಿನಂತೆ ಮಾಡಿ, ಪ್ರಿಂಟರಿನ ಅಂಕಿಯನ್ನೂ ಕಾಯ್ದಿರಿಸಿದ್ದಳು. ‘ಬಟವಾಡೆ ಮುಗೀತು ಚಿಕ್ಕಪ್ಪ, ಈಗ ಪಕ್ಕದ ಮನೆಯವರ ಪ್ರಿಂಟರ್ ನೋಡೋಕೆ ಹೊಂಟೀನಿ’ ಎಂದಳು.